ಬಲಗಣ್ಣಿನ ಸಾಲುಗಳು

ಜನವರಿ ೯

ಅಪ್ಪ ಹಾಕಿದ ಸಾಲುಗಳನ್ನು ಅಪ್ಪನಿಗೆ ತಿಳಿಯದಂತೆ ನಾನು ಸರಿಮಾಡುತ್ತಿದ್ದೇನೆ. ಇವತ್ತು ನಿನ್ನೆಯಿಂದಲ್ಲ, ಕಳೆದ ಮಳೆಗಾಲದಿಂದ.

ಬರೆದಾಯಿತು. ಬಾಯಲ್ಲಿ ಹೇಳಲು ಆಗಿರಲಿಲ್ಲ.

ಅಪ್ಪ ನೆಲಕ್ಕೆ ಟೈಲ್ಸ್ ಹಾಕುವ ಮೇಸ್ತ್ರಿ, ನಾನು ಅವನ ಕೈಯಾಳು. ಬೇರೆ ಮೇಸ್ತ್ರಿಗಳು ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಅದರ ಗುಂಟ ಸಾಲು ಹಿಡಿಯುತ್ತಾರೆ. ಅಪ್ಪ ದಾರ ಮುಟ್ಟುವುದಿಲ್ಲ. ಮೊದಲ ಟೈಲ್ಸನ್ನು ಮೂಲೆಗೆ ಕೂರಿಸಿ, ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಉದ್ದಕ್ಕೂ ನೋಡುತ್ತಾನೆ. ರಬ್ಬರ್ ಸುತ್ತಿಗೆಯಿಂದ ಇಲ್ಲಿ ಒಂದು ಪೆಟ್ಟು, ಅಲ್ಲಿ ಒಂದು ಪೆಟ್ಟು. ಆಮೇಲೆ ಯಾರು ಬೇಕಾದರೂ ದಾರ ಹಿಡಿದು ನೋಡಬಹುದು, ಸಾಲು ಕೂದಲೆಳೆಯಷ್ಟೂ ಸರಿದಿರುತ್ತಿರಲಿಲ್ಲ. ಹಾಗಾಗಿಯೇ ಅವನನ್ನು ಕಣ್ಣಳತೆ ಮೇಸ್ತ್ರಿ ಅನ್ನುತ್ತಾರೆ. ನಿಜವಾದ ಹೆಸರು ಹೇಳಿದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ.

ಈಗ ಆ ಕಣ್ಣಿಗೆ ಏನೋ ಆಗಿದೆ. ನೆಟ್ಟಗಿರುವ ಸಾಲು ಅವನಿಗೆ ಸೊಟ್ಟಗೆ ಕಾಣುತ್ತದೆ. ತಟ್ಟಿ ತಟ್ಟಿ ನೆಟ್ಟಗೆ ಮಾಡುತ್ತಾನೆ, ಅಂದರೆ ಸೊಟ್ಟ ಮಾಡುತ್ತಾನೆ. ಅವನು ಟೀ ಕುಡಿಯಲು, ಸಿಗರೇಟು ಸೇದಲು ಹೊರಗೆ ಹೋದ ತಕ್ಷಣ ನಾನು ಜೇಬಿನಿಂದ ದಾರ ತೆಗೆಯುತ್ತೇನೆ. ಗಾರೆ ಗಟ್ಟಿಯಾಗುವ ಮೊದಲು ಎಲ್ಲವನ್ನೂ ಜಾಗಕ್ಕೆ ತರುತ್ತೇನೆ. ಅವನು ಒಳಗೆ ಬರುವಷ್ಟರಲ್ಲಿ ದಾರ ಜೇಬಿಗೆ.

ಸುಳ್ಳು ಹೇಳುವುದಿಲ್ಲ ಎಂಬುದೊಂದೇ ನನಗಿರುವ ಜಂಭ. ಹತ್ತನೇ ತರಗತಿಯಲ್ಲಿ ಮಾಡದ ತಪ್ಪಿಗೆ ಕ್ಷಮೆ ಕೇಳು ಅಂದರು, ಕೇಳಲಿಲ್ಲ, ಮರುದಿನದಿಂದ ಶಾಲೆಗೇ ಹೋಗಲಿಲ್ಲ. (ಪೂರ್ತಿ ನಿಜ ಬರೆಯಬೇಕೆಂದರೆ, ಬಿಡಲು ಒಂದು ನೆಪ ಸಿಕ್ಕಿತು. ಬೆಂಚಿನ ಮೇಲೆ ಕೂತರೆ ನನ್ನ ಕಾಲಿಗೆ ಇರುವೆ ಮುತ್ತಿದ ಹಾಗೆ ಆಗುತ್ತಿತ್ತು.) ಅಂಥವನು ಇದನ್ನು ಹೇಗೆ ಬಚ್ಚಿಟ್ಟೆ? ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ, ಆದ್ದರಿಂದ ಅದು ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಹೇಗೂ ನಾನಿಲ್ಲಿ ಹೆಚ್ಚು ದಿನ ಇರುವುದಿಲ್ಲ. ಮಂಡಿ ಸವೆಸುವ ಈ ಕೆಲಸ ನನ್ನದಲ್ಲ. ಲಾರಿ ಓಡಿಸುವ ಗೆಳೆಯ ಕರೆಯುತ್ತಲೇ ಇದ್ದಾನೆ. ತಿಂಗಳ ಕೊನೆಗೆ ಹೊರಟೇಬಿಡುತ್ತೇನೆ.

ಜನವರಿ ೧೨

ಇವತ್ತು ಮರ್ಯಾದೆ ಹೋಯಿತು.

ಬೆಳಿಗ್ಗೆ ಅಪ್ಪ ಹೊಸ ಪೆಟ್ಟಿಗೆ ಒಡೆದು ಒಂದು ಟೈಲ್ಸ್ ಎತ್ತಿ ಅಂಚು ನೋಡಿದ. ಕೆಳಗಿಟ್ಟ. ಇನ್ನೊಂದು ಎತ್ತಿದ. "ಎಲ್ಲ ಬಾಗಿದೆ ಕಣೋ. ಕಾರ್ಖಾನೆಯವರು ಏನು ಬೇಯಿಸಿದಾರೋ ಏನೋ. ವಾಪಸ್ ಹಾಕು." ಬಾಗಿರಲಿಲ್ಲ. ನಾನು ಪೆಟ್ಟಿಗೆಗಳನ್ನು ಗಾಡಿಗೆ ಹೇರಿದೆ.

ಟೈಲ್ಸ್ ಅಂಗಡಿಯವರು ಅಪ್ಪನಿಗೆ ಹಳೆಯ ಪರಿಚಯ. ಮಾತಾಡದೆ ಎರಡು ಟೈಲ್ಸ್ ತೆಗೆದು ಮುಖಕ್ಕೆ ಮುಖ ಕೂಡಿಸಿ ಬೆಳಕಿಗೆ ಹಿಡಿದರು. ನಡುವೆ ಬೆಳಕು ತೂರಲಿಲ್ಲ.

"ಎಲ್ಲಿ ಬಾಗಿದೆ ಮೇಸ್ತ್ರಿ?"

"ಕಾಣಲ್ವ? ಅಂಚು ನೋಡಿ ಸ್ವಾಮಿ, ಹಾವಿನ ಹಾಗಿದೆ."

"ಹಾವು ಟೈಲ್ಸಲ್ಲಿಲ್ಲ. ಹೋಗಿ ಕಣ್ಣು ತೋರಿಸ್ಕೊಳ್ಳಿ."

ಅಂಗಡಿಯಲ್ಲಿ ಬೇರೆ ಮೇಸ್ತ್ರಿಗಳೂ ಇದ್ದರು. ಯಾರೋ ನಕ್ಕರು. ಅಪ್ಪನ ಕಿವಿ ಕೆಂಪಾಯಿತು. "ನನ್ನ ಕಣ್ಣಿಗೆ ಹೇಳ್ತೀರಾ? ನಿಮ್ಮ ಈ ಅಂಗಡಿ ನೆಲ ಯಾರು ಹಾಕಿದ್ದು?" ಎಂದ. "ನೀವೇ. ಅದಕ್ಕೇ ಹೇಳ್ತಿರೋದು," ಎಂದರು ಅವರು. ಅವರ ದನಿಯಲ್ಲಿ ಕುಚೋದ್ಯ ಇರಲಿಲ್ಲ. ಇದ್ದಿದ್ದರೆ ಅಪ್ಪನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತೇನೋ.

ಗಾಡಿಯನ್ನು ಅವನೇ ತಳ್ಳಿಕೊಂಡು ಮುಂದೆ ನಡೆದ. ನಾನು ಹಿಂದೆ ಬಂದೆ.

ಜನವರಿ ೧೩

ಅಮ್ಮನ ಕಿವಿಗೆ ಹೇಗೋ ಬಿದ್ದಿದೆ. ಅವಳು ಬಟ್ಟೆ ಇಸ್ತ್ರಿ ಮಾಡುವ ಅಂಗಡಿಗೆ ಊರ ಸುದ್ದಿಯೆಲ್ಲ ಸುಕ್ಕು ಬಟ್ಟೆಯ ಜೊತೆ ಬರುತ್ತದೆ.

"ರೀ, ಕಣ್ಣಾಸ್ಪತ್ರೆಗೆ ಹೋಗಿ ಬನ್ನಿ."

"ಕಣ್ಣಿಗೇನೂ ಆಗಿಲ್ಲ."

"ಆಗಿಲ್ಲ ಅಂತ ಅವರ ಬಾಯಲ್ಲೇ ಕೇಳ್ಕೊಂಡು ಬನ್ನಿ. ನಾನು ಆ ಟೈಲ್ಸ್ ಅಂಗಡಿಯೋರ ಮುಂದೆ ಜೋರಾಗಿ ಹೇಳ್ಬೇಕು."

ಅಮ್ಮನಿಗೆ ಅಪ್ಪನನ್ನು ಎಲ್ಲಿ ಹಿಡಿಯಬೇಕೆಂದು ಗೊತ್ತು.

ಜನವರಿ ೧೬

ಉದ್ದ ಬರೆಯಬೇಕು. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಆಸ್ಪತ್ರೆಯ ಮಹಡಿಯ ಸಣ್ಣ ಕೋಣೆ. ಡಾಕ್ಟರಮ್ಮನಿಗೆ ಅಮ್ಮನ ವಯಸ್ಸು. ಮೊದಲು ಅಕ್ಷರ ಓದಿಸಿದರು. ಎಡಗಣ್ಣಲ್ಲಿ ಅಪ್ಪ ಕೆಳಗಿನ ಸಾಲಿನವರೆಗೆ ಪಟಪಟ ಓದಿದ. ಬಲಗಣ್ಣಲ್ಲಿ ಮೇಲಿನ ದೊಡ್ಡ ಅಕ್ಷರ ಆದ ಮೇಲೆ ನಿಂತುಬಿಟ್ಟ. "ಇಲ್ಲಿ ಬೆಳಕು ಕಮ್ಮಿ," ಎಂದ. ಆಮೇಲೆ ಅವರು ಚೌಕುಳಿ ಗೆರೆಗಳ ಒಂದು ಕಾಗದ ಕೊಟ್ಟರು. ನಡುವೆ ಒಂದು ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ ಆ ಚುಕ್ಕೆಯನ್ನೇ ನೋಡಿ, ಗೆರೆಗಳು ಹೇಗೆ ಕಾಣುತ್ತವೆ ಹೇಳಿ ಎಂದರು.

ಅಪ್ಪ ತನ್ನ ಮಾಮೂಲಿ ಗತ್ತಿನಲ್ಲಿ ಕಾಗದ ಹಿಡಿದ. "ಇದನ್ನ ಹಾಕಿದವನಿಗೆ ಕೆಲಸ ಬರಲ್ಲ ಮೇಡಂ. ನಡುವೆ ಸಂದೆಲ್ಲ ಎದ್ದಿದೆ. ಕಿತ್ತು ಮತ್ತೆ ಹಾಕಬೇಕು."

ಡಾಕ್ಟರಮ್ಮ ನಗಲಿಲ್ಲ. "ಈಗ ಬಲಗಣ್ಣು ಮುಚ್ಚಿ ನೋಡಿ."

ಅಪ್ಪ ಮುಚ್ಚಿದ. ನೋಡಿದ. ಮತ್ತೆ ಎಡಗಣ್ಣು ಮುಚ್ಚಿದ. ಮತ್ತೆ ಬಲ. ಒಂದೇ ಕಾಗದವನ್ನು ಅಷ್ಟು ಹೊತ್ತು ಒಬ್ಬ ಮನುಷ್ಯ ನೋಡಿದ್ದನ್ನು ನಾನು ಕಂಡಿಲ್ಲ. ಕೊನೆಗೆ ಮೆಲ್ಲಗೆ ಮಡಿಲಲ್ಲಿ ಇಟ್ಟುಕೊಂಡ. ಕೆಲಸದಲ್ಲಿ ಅವನು ಯಾವಾಗಲೂ ಎಡಗಣ್ಣು ಮುಚ್ಚಿಯೇ ನೋಡುವವನು. ಸರಿಯಿರುವ ಕಣ್ಣನ್ನು ಇಷ್ಟು ಕಾಲವೂ ಮುಚ್ಚಿಕೊಂಡೇ ಕೆಲಸ ಮಾಡಿದ್ದ.

"ಯಾವಾಗಿಂದ ಹೀಗಿದೆ?"

"ಹೋದ ವಾರದಿಂದ," ಎಂದ ಅಪ್ಪ.

"ಮಳೆಗಾಲದಿಂದ," ಎಂದೆ ನಾನು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನಿನಗೆ ಹೇಗಪ್ಪಾ ಗೊತ್ತು?"

"ಆಗಿಂದ ಇವರ ಸಾಲನ್ನ ನಾನು ಸರಿ ಮಾಡ್ತಿದ್ದೀನಿ."

ಹೇಳಿಬಿಟ್ಟೆ. ಬೇರೆ ರೀತಿ ಹೇಳಬಹುದಿತ್ತೋ ಏನೋ, ನನಗೆ ಬರುವುದು ಒಂದೇ ರೀತಿ. ಅಪ್ಪನ ಕಣ್ಣಿಗೆ ಅಷ್ಟರಲ್ಲಿ ಔಷಧಿ ಹಾಕಿದ್ದರು, ಪಾಪೆ ದೊಡ್ಡದಾಗಿತ್ತು. ನನ್ನ ಕಡೆಗೇ ನೋಡಿದ. ನಾನು ಕಂಡೆನೋ, ಮಸುಕಾಗಿ ಒಂದು ಆಕಾರ ಕಂಡಿತೋ ತಿಳಿಯದು.

ಆಮೇಲೆ ಕಣ್ಣಿನ ಒಳಗಿನ ಚಿತ್ರ ತೆಗೆದು ಪರದೆಯ ಮೇಲೆ ತೋರಿಸಿದರು. ಕಿತ್ತಳೆ ಬಣ್ಣದ ದುಂಡು, ಅದರಲ್ಲಿ ಬೇರು ಬಿಟ್ಟಂತೆ ರಕ್ತನಾಳಗಳು. ಮೇಲಿನ ಒಂದು ಭಾಗದಲ್ಲಿ ಮಾತ್ರ ಕೆಂಪು ಶಾಯಿ ಚೆಲ್ಲಿದ ಹಾಗೆ. ಡಾಕ್ಟರಮ್ಮ ಪೆನ್ನಿನ ತುದಿ ಇಟ್ಟು ಹೇಳಿದರು: ಕಣ್ಣಿನ ಹಿಂದಿನ ಪರದೆಗೆ ರಕ್ತ ತರುವ ನಾಳ ಒಂದು, ವಾಪಸ್ ಒಯ್ಯುವ ನಾಳ ಒಂದು. ಇವೆರಡೂ ಒಂದನ್ನೊಂದು ದಾಟುವ ಕಡೆ, ರಕ್ತದ ಒತ್ತಡಕ್ಕೆ ಗಡುಸಾದ ತರುವ ನಾಳ ಒಯ್ಯುವ ನಾಳವನ್ನು ಅದುಮಿದೆ. ಅದು ಕಟ್ಟಿಕೊಂಡಿದೆ. ಹೋಗಲು ದಾರಿ ಇಲ್ಲದ ರಕ್ತ, ನೀರು ಪರದೆಯೊಳಕ್ಕೇ ಸೋರಿದೆ. ನಾವು ಓದುವ, ಮುಖ ಗುರುತಿಸುವ ನಡುಭಾಗ ಊದಿಕೊಂಡಿದೆ. ಗೆರೆ ಬಾಗಿ ಕಾಣುವುದು ಅದರಿಂದ.

"ಬಿಪಿ ಇದೆಯಾ ನಿಮಗೆ?"

"ಇಲ್ಲ."

"ಯಾವಾಗ ನೋಡಿಸಿದ್ರಿ?"

"ನೋಡಿಸಿಲ್ಲ. ಇದ್ರೆ ತಾನೇ ನೋಡಿಸೋದು?"

ನರ್ಸ್ ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಡಾಕ್ಟರಮ್ಮನಿಗೆ ಚೀಟಿ ತೋರಿಸಿದಳು. ಅವರು ಇವತ್ತೇ ಕೆಳಗಿನ ಮಹಡಿಯ ಡಾಕ್ಟರನ್ನು ನೋಡಿ ಮಾತ್ರೆ ಶುರು ಮಾಡಿ, ಇದು ಕಣ್ಣಿಗಷ್ಟೇ ಅಲ್ಲ, ತಲೆಗೂ ಎದೆಗೂ ಅಪಾಯ ಎಂದರು. ಕಣ್ಣಿಗೆ ಇಂಜೆಕ್ಷನ್. ಒಂದಲ್ಲ, ಮೊದಮೊದಲು ತಿಂಗಳಿಗೊಂದು. ಆ ಕಟ್ಟಿದ ನಾಳ ಅದರಿಂದ ತೆರೆಯುವುದಿಲ್ಲ, ಆದರೆ ಸೋರಿಕೆ ತಗ್ಗಿ ಊತ ಇಳಿಯುತ್ತದೆ. ದೃಷ್ಟಿ ಎಷ್ಟು ವಾಪಸ್ ಬರುತ್ತದೆಂದು ಈಗಲೇ ಹೇಳಲಾಗದು.

"ತಡ ಆಗಿದೆ," ಎಂದರು. ನನ್ನನ್ನು ನೋಡಿ ಹೇಳಲಿಲ್ಲ. ಆದರೂ.

ಜನವರಿ ೧೭

ಅಪ್ಪ ಮಾತಾಡಿಲ್ಲ.

ಜನವರಿ ೧೯

ಮಾತಾಡಿಲ್ಲ. ಅಮ್ಮನ ಮೂಲಕ ಕೇಳುತ್ತಾನೆ. "ಕರಣೆ ಎಲ್ಲಿಟ್ಟಿದ್ದಾನೆ ಕೇಳು." ನಾನು ಎದುರಿಗೇ ಇದ್ದೇನೆ. ಅಮ್ಮ ಗೋಡೆಗೆ ಹೇಳಿದಳು: "ಕರಣೆ ಎಲ್ಲಿಟ್ಟಿದ್ದೀಯಂತೆ. ನಾನು ಈ ಮನೇಲಿ ಟೆಲಿಫೋನ್ ತಂತಿ ಆಗಿದೀನಿ."

ಜನವರಿ ೨೨

ಮೊದಲ ಇಂಜೆಕ್ಷನ್. ನನ್ನನ್ನು ಬರಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಹೋದೆ.

ಮೂರನೇ ಮಹಡಿಯಿಂದ ಜಾರಿ ಹಲಗೆ ಹಿಡಿದು ನೇತಾಡಿದ ಮನುಷ್ಯ ಅಪ್ಪ. ಕೈ ಬೆರಳ ಉಗುರು ಹಾರಿಹೋದಾಗ ಬಟ್ಟೆ ಸುತ್ತಿ ಸಾಲು ಮುಗಿಸಿದವನು. ಇವತ್ತು ಹಸಿರು ಟೋಪಿ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತು, ಆಸ್ಪತ್ರೆ ಚೀಟಿಯನ್ನು ಮಡಿಸುತ್ತಿದ್ದ, ಬಿಡಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತೆ. ಹೆಸರು ಕರೆದರು. ಎದ್ದು ನಿಂತು, ಗೋಡೆ ನೋಡುತ್ತಾ, "ಕಣ್ಣಿಗೇ ಚುಚ್ತಾರೇನೋ?" ಎಂದ. ನನ್ನನ್ನೇ ಕೇಳಿದ್ದು.

"ಹೂಂ ಅಪ್ಪ. ಬಿಳಿ ಭಾಗಕ್ಕೆ. ಮೊದಲು ಮರಗಟ್ಟಿಸ್ತಾರೆ."

"ನೋವಾಗಲ್ಲ ಅಂತ ಹೇಳೋಕೆ ಬಾಯಿ ಬರಲ್ವ ನಿನಗೆ?"

"ಗೊತ್ತಿಲ್ಲವಲ್ಲ."

ಒಳಗೆ ಹೋದ. ಟೀ ಆರುವುದರೊಳಗೆ ಹೊರಗೆ ಬಂದ. ನೋವಿಗಿಂತ ಒತ್ತಿದ ಹಾಗಾಯಿತಂತೆ. ಕಣ್ಣೊಳಗೆ ಸಣ್ಣ ಗುಳ್ಳೆಗಳು ತೇಲುತ್ತಿವೆಯಂತೆ. ಅದು ಇರುತ್ತದೆ, ಹೋಗುತ್ತದೆ ಎಂದಳು ನರ್ಸ್. ಉಜ್ಜಬಾರದು, ಕೆಲವು ದಿನ ಕಣ್ಣಿಗೆ ನೀರು ಧೂಳು ಸೋಕಬಾರದು. ಕಣ್ಣು ಕೆಂಪಾಗಿ ನೋವು ಹೆಚ್ಚುತ್ತಾ ಹೋದರೆ ಅಥವಾ ನೋಟ ಇದ್ದಕ್ಕಿದ್ದಂತೆ ಮಂಕಾದರೆ ಬೆಳಗಾಗುವುದನ್ನು ಕಾಯದೆ ಬರಬೇಕು. ನಾನು ಎರಡು ಸಲ ಕೇಳಿ ಬಾಯಿಪಾಠ ಮಾಡಿಕೊಂಡೆ. ಶಾಲೆಯಲ್ಲಿ ಒಂದು ಪದ್ಯವೂ ಹೀಗೆ ಬಾಯಿಗೆ ಹತ್ತಿರಲಿಲ್ಲ.

ಫೆಬ್ರವರಿ ೩

ಅಡಿಗೆಮನೆಯಲ್ಲಿ ಯುದ್ಧ. ಅಮ್ಮ ಉಪ್ಪಿನ ಡಬ್ಬಿಯನ್ನು ತನ್ನ ಬಟ್ಟೆಯ ಗಂಟಿನಲ್ಲಿ ಬಚ್ಚಿಟ್ಟಿದ್ದಾಳೆ. ಅಪ್ಪ ತುತ್ತು ಬಾಯಿಗಿಟ್ಟು, "ಇದನ್ನ ಗೋಡೆಗೆ ಹಚ್ಚಬಹುದು, ಚೆನ್ನಾಗಿ ಹಿಡಿಯುತ್ತೆ," ಎನ್ನುತ್ತಾನೆ. ಸಿಗರೇಟು ಬಿಟ್ಟಿದ್ದಾನೆ, ಅಂದರೆ ಮನೆಯಲ್ಲಿ ಸೇದುವುದಿಲ್ಲ. ಕೆಲಸದ ಜಾಗದಲ್ಲಿ ಒಂದು ಸೇದಿದ. ನಾನು ಅಮ್ಮನಿಗೆ ಹೇಳಿದೆ. "ಈ ಮನೇಲಿ ಪೊಲೀಸ್ ಸ್ಟೇಷನ್ ತೆರೆದಿದ್ದಾರೆ," ಎಂದ. ಆದರೆ ನನ್ನನ್ನು ನೋಡಿಯೇ ಎಂದ. ತಂತಿಗೆ ಈಗ ಕೆಲಸವಿಲ್ಲ.

ಡಾಕ್ಟರಮ್ಮ ಕೊಟ್ಟ ಚೌಕುಳಿ ಕಾಗದವನ್ನು ಅವನು ಮುಟ್ಟುತ್ತಿಲ್ಲ. ಅದರ ಬದಲು ದಿನಾ ಬೆಳಿಗ್ಗೆ ಮುಖ ತೊಳೆದ ಮೇಲೆ ಒಲೆಯ ಹಿಂದಿನ ಗೋಡೆಯೆದುರು ನಿಲ್ಲುತ್ತಾನೆ. ಆ ಬಿಳಿ ಟೈಲ್ಸ್ ನಾನು ಹುಟ್ಟುವ ಮೊದಲು ಅವನೇ ಹಾಕಿದ್ದು. ಎಡ ಮುಚ್ಚಿ, ಬಲ ಮುಚ್ಚಿ ನೋಡುತ್ತಾನೆ. ಮೇಡಂ ಕಾಗದದಲ್ಲಿ ನೋಡಿ ಅಂದಿದ್ದರು ಎಂದೆ. "ಆ ಗೆರೆ ಯಾರು ಎಳೆದಿದ್ದೋ. ಇದು ನೆಟ್ಟಗಿದೆ ಅಂತ ನನಗೆ ಗೊತ್ತು," ಎಂದ.

ಅಮ್ಮನಿಗೆ ರೋಗವನ್ನು ವಿವರಿಸಿದ್ದೂ ಅವನೇ. "ನೋಡು, ನೆಲದಡಿ ಪೈಪ್ ಸೋರಿದರೆ ಮೇಲಿನ ಟೈಲ್ಸ್ ಉಬ್ಬುತ್ತಲ್ಲ? ಹಾಗೆ. ಇಂಜೆಕ್ಷನ್ ಆ ಪಸೆ ಆರಿಸುತ್ತೆ. ಪೈಪಲ್ಲಿ ನೀರಿನ ರಭಸ ಕಮ್ಮಿ ಮಾಡೋದು ಮಾತ್ರೆ."

"ಇಷ್ಟೆಲ್ಲಾ ಗೊತ್ತಿದ್ದೂ ನಿನ್ನೆ ಮಾತ್ರೆ ಯಾಕೆ ಬಿಟ್ರಿ?"

ಅಪ್ಪ ಮಾತ್ರೆ ಬಾಯಿಗೆ ಹಾಕಿಕೊಂಡ. ನುಂಗಿದ.

ಫೆಬ್ರವರಿ ೨೧

ಎರಡನೆಯದು ಆಯಿತು. ಅಕ್ಷರದ ಹಲಗೆಯಲ್ಲಿ ಬಲಗಣ್ಣು ಮೂರು ಸಾಲು ಕೆಳಗಿಳಿಯಿತು. ಅಪ್ಪ ಓದುತ್ತಾ ಓದುತ್ತಾ ದನಿ ಏರಿಸಿದ, ಹೊರಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು. ವಾಪಸ್ಸು ಬರುವಾಗ ದಾರಿಯ ಬೋರ್ಡುಗಳನ್ನೆಲ್ಲ ಒಂದು ಕಣ್ಣು ಮುಚ್ಚಿ ಓದಿಕೊಂಡು ಬಂದ. ನಡೆದು ಬರುವವರು ಹೆದರಿ ಸರಿದರು.

ಮಾರ್ಚ್ ೨೬

ಬಹಳ ದಿನ ಬರೆದಿಲ್ಲ. ಲಾರಿ ಗೆಳೆಯನ ಜೊತೆ ಹೋಗಿದ್ದೆ. ರಸ್ತೆ, ಡಾಬಾ, ಗಾಳಿ. ಮೊದಲ ಎರಡು ದಿನ ಬದುಕೆಂದರೆ ಇದೇ ಅನ್ನಿಸಿತು. ಮೂರನೇ ದಿನ ಒಂದು ಊರಿನ ಬಸ್ ನಿಲ್ದಾಣದ ನೆಲ ಕಂಡಿತು, ಸಂದುಗಳೆಲ್ಲ ಒಂದೊಂದು ಅಗಲ, ಮೂಲೆ ತುಂಡುಗಳನ್ನು ಇಲಿ ಕಡಿದ ಹಾಗೆ ಕತ್ತರಿಸಿದ್ದರು. ಯಾವನು ಹಾಕಿದ್ದು ಎಂದು ಗೆಳೆಯನೆದುರು ಕೂಗಾಡಿದೆ. "ಲೋ, ನಾವು ಊಟಕ್ಕೆ ಬಂದಿರೋದು," ಎಂದ ಅವನು.

ಮನೆಗೆ ಬಂದರೆ ಅಪ್ಪ ಮೂರನೇ ಇಂಜೆಕ್ಷನ್ನಿಗೆ ಹೋಗಿಲ್ಲ. ದಿನ ದಾಟಿ ವಾರ ಆಗಿದೆ.

"ಯಾಕೆ ಹೋಗಲಿಲ್ಲ?"

"ಸರಿಯಾಗಿದೆಯಲ್ಲ. ಕೂತ ನೆಲನ ಸುಮ್ಮಸುಮ್ಮನೆ ತಟ್ಟುತ್ತಾ ಇರ್ತಾರೇನೋ? ತಟ್ಟಿದರೆ ಸಡಿಲ ಆಗುತ್ತೆ."

ಇದನ್ನೇ ಅವನು ನನಗೆ ಕೆಲಸದ ಮೊದಲ ವರ್ಷದಲ್ಲಿ ಕಲಿಸಿದ್ದು. ಗಾರೆ ಹಿಡಿದ ಮೇಲೆ ಸುತ್ತಿಗೆ ಮುಟ್ಟಬೇಡ. ನಾಳೆಯಾದರೂ ಹೋಗೋಣ ಎಂದೆ, ಕೇಳಲಿಲ್ಲ. ಆ ದಿನ ನಾನು ಊರಲ್ಲಿದ್ದಿದ್ದರೆ ಎಳೆದುಕೊಂಡು ಹೋಗುತ್ತಿದ್ದೆ. ಇರಲಿಲ್ಲ.

ಏಪ್ರಿಲ್ ೮

ಬೆಳಿಗ್ಗೆ ಒಲೆಯ ಗೋಡೆಯೆದುರು ಅಪ್ಪ ಬಹಳ ಹೊತ್ತು ನಿಂತಿದ್ದ. ನಾನು ಏನೂ ಕೇಳದೆ ಚಪ್ಪಲಿ ಹಾಕಿಕೊಂಡೆ. ಅವನೂ ಹಾಕಿಕೊಂಡ.

ಊತ ಮರಳಿ ಬಂದಿದೆ. ಚಿತ್ರದಲ್ಲಿ ನಡುಭಾಗ ಗುಡ್ಡದ ಹಾಗೆ ಎದ್ದಿತ್ತು. ಹಲಗೆಯಲ್ಲಿ ಗಳಿಸಿದ್ದು ಹೋಗಿದೆ. ಡಾಕ್ಟರಮ್ಮ ಬಯ್ಯಲಿಲ್ಲ. ಅಪ್ಪನ ಪೈಪಿನ ಕತೆಯನ್ನು ನಾನೇ ಅವರಿಗೆ ಹೇಳಿದ್ದೆ. "ಮೇಸ್ತ್ರಿ, ಪಸೆ ಆರಿದೆ ಅಷ್ಟೇ, ಪೈಪ್ ರಿಪೇರಿ ಆಗಿಲ್ಲ. ಔಷಧಿ ಇಳಿದರೆ ಮತ್ತೆ ಸೋರುತ್ತೆ. ನಾನು ಸಾಕು ಅನ್ನೋವರೆಗೂ ನಿಮ್ಮ ಕಣ್ಣು ಕೂತಿಲ್ಲ, ಇನ್ನೂ ಹಸಿ ನೆಲ." ಅಪ್ಪ ತಲೆಯಾಡಿಸಿದ. ಹಸಿ ನೆಲ ಅವನಿಗೆ ಅರ್ಥವಾಗುತ್ತದೆ. ಅದರ ಮೇಲೆ ಕಾಲಿಡುವ ಮೂರ್ಖನಲ್ಲ ಅವನು.

ಅವನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಅವರ ಕೋಣೆಗೆ ಮತ್ತೆ ಹೋದೆ.

"ಮಳೆಗಾಲದಲ್ಲೇ ಕರ್ಕೊಂಡು ಬಂದಿದ್ರೆ ಪೂರ್ತಿ ವಾಸಿ ಆಗ್ತಿತ್ತಾ ಮೇಡಂ?"

ಅವರು ಕನ್ನಡಕ ತೆಗೆದರು. "ಈಗಿರೋದಕ್ಕಿಂತ ಚೆನ್ನಾಗಿರೋ ಸಾಧ್ಯತೆ ಇತ್ತು. ಎಷ್ಟು ಅಂತ ನನಗೂ ಗೊತ್ತಿಲ್ಲ. ಏನೂ ವ್ಯತ್ಯಾಸ ಆಗ್ತಿರಲಿಲ್ಲ ಅಂದ್ರೆ ನಿನಗೆ ಸಮಾಧಾನ ಆಗುತ್ತೆ, ಆದರೆ ಅದು ಸುಳ್ಳು."

ನಿಜ ಹೇಳುವವರು ನನಗೆ ಇಷ್ಟ. ಇವತ್ತು ಇಷ್ಟವಾಗಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಮೆಟ್ಟಿಲ ಅಂಚು ಎಲ್ಲ ಸಮ ಇತ್ತು.

ಏಪ್ರಿಲ್ ೯

ನಾನು ಅವನ ಸಾಲನ್ನಷ್ಟೇ ಸರಿ ಮಾಡಿದೆ. ಕಣ್ಣು ಅಲ್ಲೇ ಉಳಿಯಿತು.

ಏಪ್ರಿಲ್ ೧೧

ಏನೂ ಇಲ್ಲ. ಕೆಲಸ. ಬಿಸಿಲು.

ಮೇ ೧೯

ಒಂದು ಮನೆಯ ಜಗಲಿ. ಅಪ್ಪ ಮೊದಲ ಟೈಲ್ಸ್ ಕೂರಿಸಿದ. ಬಗ್ಗಿದ, ಎಡಗಣ್ಣು ಮುಚ್ಚಿದ. ಹಾಗೇ ಬಗ್ಗಿಕೊಂಡೇ ಬಲಗೈ ಹಿಂದಕ್ಕೆ ಚಾಚಿದ.

"ಕೊಡು."

"ಏನು ಕೊಡಲಿ?"

"ಜೇಬಲ್ಲಿದೆಯಲ್ಲ, ಅದು."

ಕೊಟ್ಟೆ. ಒಂದು ತುದಿಯನ್ನು ಅವನು ಮೊಳೆಗೆ ಕಟ್ಟಿದ. ಗಂಟು ಹಾಕಲು ಬರಲಿಲ್ಲ. ಮೂವತ್ತು ವರ್ಷ ಕೆಲಸ ಮಾಡಿದ ಮೇಸ್ತ್ರಿಗೆ ದಾರದ ಗಂಟು ಬರುವುದಿಲ್ಲ! ನಾನು ತೋರಿಸಿದೆ. ಇನ್ನೊಂದು ತುದಿಗೆ ನಾನು ಹೋಗಿ ಬಿಗಿಹಿಡಿದೆ. ಮೊದಲ ಸಾಲು ಮುಗಿಯಿತು.

ಎರಡನೇ ಸಾಲಿನ ನಡುವೆ ಕೇಳಿದ, ತಲೆ ಎತ್ತದೆ: "ನಾನು ಟೀಗೆ ಹೋದಾಗ ಸರಿ ಮಾಡ್ತಿದ್ದೆಯಲ್ಲ. ಯಾವ ಕಡೆಯಿಂದ ತಟ್ಟುತ್ತಿದ್ದೆ?"

"ಎಡಗಡೆಯಿಂದ."

"ಮಂಕೇ. ಎಡದಿಂದ ತಟ್ಟಿದರೆ ಹಿಂದಿನ ಸಾಲೂ ಕದಲುತ್ತೆ. ಬಲದಿಂದ, ಅಂಚಿಗೆ ಮರದ ತುಂಡು ಕೊಟ್ಟು. ಹೀಗೆ." ತೋರಿಸಿದ. "ಈಗ ನೀನು."

ತಟ್ಟಿದೆ.

"ಮೆಲ್ಲಗೆ. ಬಾಗಿಲು ಬಡಿತಿದೀಯೇನೋ?"

ನಾನು ಕದ್ದು ಸರಿ ಮಾಡಿದ ಮಾತು ಎಂದಾದರೂ ಬರುತ್ತದೆಂದು ಇಷ್ಟು ತಿಂಗಳು ಕಾಯುತ್ತಿದ್ದೆ. ಬಂದದ್ದು ಹೀಗೆ. ಸಂಜೆಯವರೆಗೆ ಬಲದಿಂದಲೇ ತಟ್ಟಿದೆ. ಅವನು ಹೇಳಿದ್ದು ಸರಿ.

ಜುಲೈ ೬

ಈ ಸಲ ಚಿತ್ರದಲ್ಲಿ ಗುಡ್ಡ ಇರಲಿಲ್ಲ. ಹೋದ ತಿಂಗಳೂ ಇರಲಿಲ್ಲ. ಬಿಪಿ ಹತೋಟಿಯಲ್ಲಿದೆ. ಇನ್ನು ಮುಂದೆ ಇಂಜೆಕ್ಷನ್ನಿನ ನಡುವಿನ ಅಂತರ ಸ್ವಲ್ಪ ಸ್ವಲ್ಪ ಹೆಚ್ಚಿಸಿ ನೋಡೋಣ ಎಂದರು ಡಾಕ್ಟರಮ್ಮ. ಅಂತರ ಹೆಚ್ಚಿತೆಂದು ಬರುವುದನ್ನು ಬಿಡಬಾರದು. ಈ ಕಣ್ಣಿಗೆ ಆದದ್ದು ಆ ಕಣ್ಣಿಗೂ ಆಗಬಹುದು, ಒತ್ತಡ ಏರಲು ಬಿಟ್ಟರೆ.

"ಗೆರೆ ಇನ್ನೂ ಸ್ವಲ್ಪ ಬಾಗಿದೆ ಮೇಡಂ. ಇದು ಹೋಗುತ್ತಾ?"

"ಪೂರ್ತಿ ಹೋಗಲ್ಲ ಅನ್ಸುತ್ತೆ ಮೇಸ್ತ್ರಿ. ಇದೇ ಇರುತ್ತೆ."

ಅಪ್ಪ ಚೀಟಿ ಮಡಿಸಿ ಜೇಬಿಗಿಟ್ಟ. "ಇಷ್ಟೇ ಅಂತ ಹೇಳಿದ್ರಲ್ಲ. ಸಾಕು," ಎಂದ. ಬರುವಾಗ ದಾರಿಯ ಬೋರ್ಡುಗಳನ್ನು ಓದಲಿಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟಿದ್ದ. ದಾರಿ ಕಾಣದೆ ಅಲ್ಲ. ಸುಮ್ಮನೆ ಇಟ್ಟಿದ್ದ.

ಜುಲೈ ೨೮

ಸಭಾಂಗಣ ಕಟ್ಟಿಸುತ್ತಿರುವ ಒಬ್ಬರು ಹುಡುಕಿಕೊಂಡು ಮನೆಗೆ ಬಂದಿದ್ದರು. ಬೇರೆ ಊರು. ದೊಡ್ಡ ಕಲ್ಲಿನ ಹಾಸು, ಈ ಗೋಡೆಯಿಂದ ಆ ಗೋಡೆಗೆ ಒಂದೇ ಗೆರೆ ಓಡಬೇಕು. ತಿಂಗಳುಗಟ್ಟಲೆ ಕೆಲಸ. ಇಂಥ ಕೆಲಸ ಅಪ್ಪನ ಕೈಗೆ ಬಂದು ವರ್ಷಗಳಾಗಿವೆ. ಅವರು ಹೆಸರು ಕೇಳಿ ಬಂದಿದ್ದರು. "ದಾರ ಇಲ್ಲದೆ ಹಾಕ್ತೀರಂತಲ್ಲ ಮೇಸ್ತ್ರಿ, ನಿಮ್ಮ ಕಣ್ಣಳತೇನ ನಮ್ಮ ಕಡೇನೂ ಹೇಳ್ತಾರೆ."

ಅಮ್ಮ ಟೀ ತಂದಿಟ್ಟಳು. ಅಪ್ಪ ಲೋಟ ಮುಟ್ಟಲಿಲ್ಲ. ಅವನು ಏನು ಹೇಳಲು ಹೊರಟಿದ್ದಾನೆಂದು ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. "ಅಪ್ಪ, ನಾಳೆ ಯೋಚನೆ ಮಾಡಿ ಹೇಳೋಣ," ಎಂದೆ. "ದಾರ ಇದೆ, ನಾನಿದ್ದೀನಿ," ಎಂದೂ ಸೇರಿಸಿದೆ.

"ಸುಮ್ನಿರೋ." ಅವರ ಕಡೆ ತಿರುಗಿದ. "ಸ್ವಾಮಿ, ಆ ಕಣ್ಣಳತೆ ಈಗ ಇಲ್ಲ. ಬಲಗಣ್ಣಿನ ನಾಳ ಕಟ್ಟಿಕೊಂಡಿತ್ತು. ಇಂಜೆಕ್ಷನ್ ತಗೋತಿದ್ದೀನಿ. ನೆಟ್ಟಗಿರೋದು ಸ್ವಲ್ಪ ಬಾಗಿ ಕಾಣುತ್ತೆ. ದಾರ ಹಿಡಿದು ಮಾಡ್ತೀನಿ, ಚೆನ್ನಾಗೇ ಮಾಡ್ತೀನಿ. ಆದರೆ ನೀವು ಹುಡುಕ್ಕೊಂಡು ಬಂದಿದ್ದು ಇರೋದಿಲ್ಲ. ಮೊದಲೇ ಗೊತ್ತಿರಲಿ."

ಅವರು ಒಳ್ಳೆಯವರು. ಆರೋಗ್ಯ ನೋಡಿಕೊಳ್ಳಿ ಎಂದರು, ಫೋನ್ ಮಾಡುತ್ತೇನೆ ಎಂದರು. ಫೋನ್ ಮಾಡುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ.

ಹೋದ ಮೇಲೆ ನಾನು ಎಗರಿ ಬಿದ್ದೆ. "ಯಾರು ಕೇಳಿದ್ರು ನಿನ್ನ? ಅವರು ಕೇಳಲೇ ಇಲ್ಲವಲ್ಲ!"

ಅಮ್ಮ ಇಬ್ಬರನ್ನೂ ನೋಡಿ ಲೋಟಗಳನ್ನು ಎತ್ತಿಕೊಂಡಳು. "ಇದನ್ನ ಇವನು ಹೇಳ್ತಿದ್ದಾನೆ ನೋಡ್ರೀ," ಎಂದು ಒಳಗೆ ಹೋದಳು. ಏನು ಅಂದಳೋ ಅರ್ಥವಾಗಲಿಲ್ಲ. ಸಿಟ್ಟು ಇಳಿದಿಲ್ಲ.

ಆಗಸ್ಟ್ ೧೦

ಆ ಸಭಾಂಗಣ ಒಬ್ಬ ಚಿಕ್ಕ ವಯಸ್ಸಿನ ಮೇಸ್ತ್ರಿಗೆ ಸಿಕ್ಕಿದೆ. ಅವನ ಬಳಿ ಗೋಡೆಗೆ ಕೆಂಪು ಬೆಳಕಿನ ಗೆರೆ ಬೀಳಿಸುವ ಯಂತ್ರವಿದೆ. ಇವತ್ತು ಮನೆಗೇ ಬಂದ, ಬಾಗಿಲಲ್ಲೇ ಚಪ್ಪಲಿ ಬಿಟ್ಟು.

"ನಿಮ್ಮ ಕೆಲಸ ನನಗೆ ಬಂತು ಅಂತ ಬೇಜಾರು ಮಾಡ್ಕೋಬೇಡಿ ಅಣ್ಣ. ಒಂದು ಕೇಳೋಣ ಅಂತ ಬಂದೆ. ದೊಡ್ಡ ಕಲ್ಲು ಕೂರಿಸೋಕೆ ಕೈ ಪಳಗಿದವರು ಬೇಕು. ನಿಮ್ಮ ಮಗನ್ನ ಕಳಿಸ್ತೀರಾ?"

"ಅವನ್ನೇ ಕೇಳು. ಬಾಯಿ ಇದೆ. ಜಾಸ್ತಿನೇ ಇದೆ."

ನಾನು ಬರುವುದಿಲ್ಲ ಎಂದೆ. ಯಾಕೆ ಎಂದು ಅವನು ಕೇಳಿದ. ಮುಂದಿನ ವಾರ ಅಪ್ಪನ ಆಸ್ಪತ್ರೆ ದಿನ, ಆಗಲ್ಲ ಎಂದೆ. ಆಮೇಲೆ ಎಂದ. ಆಮೇಲೂ ಒಂದಿರುತ್ತದೆ ಎಂದೆ. ಅವನು ಕಾಯುತ್ತೇನೆಂದು ಹೇಳಿ ಹೋದ.

ಅಪ್ಪ ಊಟದ ಹೊತ್ತಿಗೆ, "ನನ್ನ ಕಣ್ಣು ನಿನ್ನ ಕಾಲಿಗೆ ಕಟ್ಟಿಲ್ಲ," ಎಂದ.

ಆಗಸ್ಟ್ ೧೯

ಆಸ್ಪತ್ರೆಗೆ ಅಮ್ಮನೊಂದಿಗೆ ಹೋಗಿದ್ದ. ನಾನು ಹೊರಟಿದ್ದೆ, ಬೇಡ ಎಂದ. ದಿನವಿಡೀ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ, ಎರಡು ತುಂಡು ತಪ್ಪಾಗಿ ಕತ್ತರಿಸಿದೆ. ಸಂಜೆ ಬಂದು ವರದಿ ಒಪ್ಪಿಸಿದ, ಶಾಲೆಯ ಹುಡುಗನ ಹಾಗೆ: ಊತ ಇಲ್ಲ. ಬಿಪಿ ಪರವಾಗಿಲ್ಲ. ಎಡಗಣ್ಣು ಚೆನ್ನಾಗಿದೆ. ಮುಂದಿನ ದಿನಾಂಕ ಅಮ್ಮನಿಗೆ ಗೊತ್ತು. ಹಲಗೆಯಲ್ಲಿ ಬಲಗಣ್ಣು ಹೋದ ಸಲದಷ್ಟೇ ಓದಿತು, ಹೆಚ್ಚಿಲ್ಲ, ಕಮ್ಮಿ ಇಲ್ಲ.

"ಡಾಕ್ಟರಮ್ಮ ನಿನ್ನ ಕೇಳಿದ್ರು," ಎಂದಳು ಅಮ್ಮ. "ಇನ್ಸ್‌ಪೆಕ್ಟರ್ ಎಲ್ಲಿ ಅಂದ್ರು."

ಆಗಸ್ಟ್ ೨೪

ಸಭಾಂಗಣದ ಕೆಲಸಕ್ಕೆ ಹೊರಡಲು ಚೀಲ ಕಟ್ಟಿದೆ. ಎರಡು ಜೊತೆ ಬಟ್ಟೆ, ಕರಣೆ, ಸುತ್ತಿಗೆ, ಮರದ ತುಂಡು.

ಅಮ್ಮನಿಗೆ ಮತ್ತೆ ಹೇಳಿದೆ: ಕಣ್ಣು ಕೆಂಪಾಗಿ ನೋವು ಬಂದರೆ, ನೋಟ ಮಂಕಾದರೆ, ಪರದೆ ಬಿದ್ದ ಹಾಗಾದರೆ, ಅದೇ ದಿನ. ಮಾತ್ರೆ ಮುಗಿಯುವ ಮೊದಲೇ ತರಬೇಕು. ಉಪ್ಪು ಕೇಳಿದರೆ ಕೊಡಬೇಡ. "ನಾಳೆ ಹೋಗೋನಿಗೆ ಇವತ್ತು ಎಷ್ಟು ಮಾತು," ಎಂದಳು. ಕಣ್ಣು ಒರೆಸಿಕೊಂಡು ಇಸ್ತ್ರಿ ಹೊಗೆ ಎಂದಳು. ಇಸ್ತ್ರಿ ಪೆಟ್ಟಿಗೆ ಅಂಗಡಿಯಲ್ಲಿತ್ತು. ನಾನು ಅದನ್ನು ಎತ್ತಿ ಆಡಲಿಲ್ಲ.

ಅಪ್ಪ ಹೊಸ್ತಿಲ ಮೇಲೆ ಕೂತಿದ್ದ. ನಾನು ಪಕ್ಕದಲ್ಲಿ ಕೂತೆ.

"ಎಡಗಣ್ಣಲ್ಲಿ ಗೆರೆ ಕದಲಿದರೆ..." ಎಂದು ಶುರು ಮಾಡಿದೆ.

"ಹೇಳ್ತೀನಿ."

"ಒಂದು ವಾರ ನೋಡೋಣ ಅಂತ..."

"ನೋಡಲ್ಲ. ಆವತ್ತೇ ಹೇಳ್ತೀನಿ. ಮೊದಲು ಡಾಕ್ಟರಮ್ಮಂಗೆ, ಆಮೇಲೆ ನಿಮ್ಮಮ್ಮಂಗೆ, ಆಮೇಲೆ ನಿನಗೆ." ಕೊನೆಗೆ ಸೇರಿಸಿದ: "ನೀನೂ ಹಾಗೇ. ಅಲ್ಲಿ ಆ ಮೇಸ್ತ್ರಿ ಸಾಲು ತಪ್ಪಿದರೆ ಅವನು ಟೀಗೆ ಹೋಗೋವರೆಗೂ ಕಾಯಬೇಡ. ಎದುರಿಗೇ ಹೇಳು."

"ಬೈದರೆ?"

"ಬೈಸ್ಕೋ."

ಅವನ ಮುಖ ನೋಡಿದೆ. ನನ್ನನ್ನೇ ನೋಡುತ್ತಿದ್ದ, ಎರಡೂ ಕಣ್ಣು ತೆರೆದು.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ.